ಮೂರನೆಯ ಸಾಲು

ಊಟ ಮುಗಿದರೆ ಸಾಕು, ಮೇಜುಗಳು ಮದ್ದಳೆಯಾಗುತ್ತಿದ್ದವು.
ಇನ್ನೂರು ಜೋಡಿ ಅಂಗೈ, ಚಮಚ, ತಟ್ಟೆ;
ಉಪ್ಪಿನ ಡಬ್ಬಿಗಳು ಕುಣಿದು ಕುಣಿದು ಅಂಚಿಗೆ ಬಂದು
ಒಂದಾದರೂ ಬೀಳದೆ ಪ್ರಾರ್ಥನೆ ಮುಗಿದದ್ದಿಲ್ಲ.
ಉಂಡ ಅನ್ನದ ಋಣ ನೆನೆಯುವ ಮಂತ್ರ ಅದು, ಹೀಬ್ರೂವಿನಲ್ಲಿ;
ಅರ್ಥ ನಮಗೆ ಅರ್ಧ ಗೊತ್ತು,
ಎಲ್ಲಿ ಗುದ್ದಬೇಕೆಂಬುದು ಪೂರ್ತಿ.

ವಿಸ್ಕಾನ್ಸಿನ್ನಿನ ಉತ್ತರದ ಮೂಲೆ. ಪೈನ್ ಮರ, ಸೊಳ್ಳೆ,
ಬೆಳಗಿನ ಆರಕ್ಕೆ ಮೂಳೆ ಕೊರೆಯುವ ಕೆರೆ.
ಮಿಲ್ವಾಕಿಯಿಂದ, ಶಿಕಾಗೋದಿಂದ ಬಸ್ಸಿನಲ್ಲಿ ಬಂದಿಳಿದ ನಾವು
ನಮ್ಮ ನಮ್ಮ ಶಾಲೆಗಳಲ್ಲಿ ಯಹೂದಿಗಳೆಂದು
ದೊಡ್ಡ ದನಿಯಲ್ಲಿ ಹೇಳಿಕೊಳ್ಳದವರು
ಇಲ್ಲಿ ಗಂಟಲು ಕಟ್ಟುವವರೆಗೆ ಹಾಡುತ್ತಿದ್ದೆವು.
ದಾದಿ ಬ್ಲೂಮಾ ಉಪ್ಪುನೀರು ಕೊಟ್ಟು
"ನಾಳೆಯಾದರೂ ಬಾಯಿ ಮುಚ್ಚಿಕೊಂಡಿರಿ" ಅನ್ನುತ್ತಿದ್ದಳು.
ನಾಳೆ ಶುಕ್ರವಾರ. ಯಾರು ಕೇಳುತ್ತಾರೆ?

ಶುಕ್ರವಾರದ ಸಂಜೆಯೇ ಬೇರೆ.
ಬಿಳಿ ಅಂಗಿ, ಒದ್ದೆ ಕೂದಲು, ಗಿಟಾರು ಪೆಟ್ಟಿಗೆಯೊಳಗೆ.
ಸೂರ್ಯ ಮುಳುಗಿದ ಮೇಲೆ ತಂತಿ ಮುಟ್ಟುವಂತಿಲ್ಲ.
ಆಗ ಬರೀ ಗಂಟಲು.
ಮಾತಿಲ್ಲದ ಒಂದು ರಾಗ, ಲೈ ಲೈ ಎಂದಷ್ಟೇ,
ಎಂದೋ ಗೆರ್ಶನ್ ಪಿಂಚುಕ್ ಎಂಬ ಸಂಗೀತದ ಮೇಷ್ಟರು
ದೋಣಿಕಟ್ಟೆಯ ಮೇಲೆ ಕೂತು ಕಟ್ಟಿದ್ದಂತೆ.
ಬರೆದಿಡಲಿಲ್ಲ. "ಬರೆದರೆ ನೀವು ಹಾಳೆ ನೋಡುತ್ತೀರಿ,
ಒಬ್ಬರ ಮುಖ ಒಬ್ಬರು ನೋಡುವುದಿಲ್ಲ" ಎನ್ನುತ್ತಿದ್ದನಂತೆ.

ಒಳ್ಳೆಯ ಮಾತು. ಅದರ ಬೆಲೆ ತೆತ್ತದ್ದು ನಾನು.

ದುಡ್ಡಿಲ್ಲದೆ ಆರು ಬೇಸಗೆ ಕ್ಯಾಂಪು ಮುಚ್ಚಿತ್ತು. ಮತ್ತೆ ತೆರೆದಾಗ
ನಾನೇ ಮೇಷ್ಟರು, ತಿರ್ತ್ಸಾ, ಇಪ್ಪತ್ಮೂರು ವಯಸ್ಸು,
ಎದುರಿಗೆ ಇನ್ನೂರು ಹೊಸ ಮುಖ.
ಮೊದಲ ಸಾಲು ಹಾಡಿದೆ. ಎರಡನೆಯದು ತಾನಾಗಿ ಬಂತು.
ಮೂರನೆಯದಕ್ಕೆ ಬಾಯಿ ತೆರೆದರೆ
ಮೆಟ್ಟಿಲು ಇರಬೇಕಾದಲ್ಲಿ ಮೆಟ್ಟಿಲಿಲ್ಲ.

ಹಳಬರಿಗೆ ಫೋನು ಮಾಡಿದೆ. ಟಕ್ಸನ್ನಿನ ದಂತವೈದ್ಯನೊಬ್ಬ
ಮೇಲೇರುತ್ತದೆ ಎಂದ; ಅವನ ತಂಗಿ, ಇಳಿಯುತ್ತದೆ ಎಂದಳು;
ಇಬ್ಬರೂ ಫೋನಿನಲ್ಲೇ ಜಗಳಕ್ಕೆ ಬಿದ್ದು ನನ್ನನ್ನು ಮರೆತರು.
ಪಿಂಚುಕ್ ತೀರಿಕೊಂಡು ಹನ್ನೊಂದು ವರ್ಷ.

ಆಮೇಲೆ ಒಂದು ಮಂಗಳವಾರ, ಅಡುಗೆಮನೆಯ ಹಿಂದೆ,
ಸೋರುವ ಕೊಳಾಯಿಯ ಕೆಳಗೆ ಅಂಗಾತ ಮಲಗಿದ್ದ ಆರ್ವಿಡ್.
ನಾರ್ವೆಯಿಂದ ಬಂದವರ ಮೊಮ್ಮಗ, ಲೂಥರನ್ ಚರ್ಚಿನವನು,
ಮೂವತ್ತೆಂಟು ವರ್ಷದಿಂದ ಈ ಜಾಗದ ಕಾವಲು.
ನಾವು ಹೋದ ಮೇಲೆ
ಕೆರೆ ಹೆಪ್ಪುಗಟ್ಟುವುದನ್ನೂ ಒಡೆಯುವುದನ್ನೂ ನೋಡುವವನು ಅವನೊಬ್ಬನೇ.
ನಮ್ಮೊಡನೆ ಅವನಾಡಿದ ಮಾತು ಒಟ್ಟು ಕೂಡಿಸಿದರೆ
ಒಂದು ಪುಟ ಆಗಲಿಕ್ಕಿಲ್ಲ.

ಅವನ ಬೂಟು ಕಾಣುತ್ತಿತ್ತು. ಪಾನಾ ತಿರುಗುತ್ತಿತ್ತು.
ಗುನುಗುತ್ತಿದ್ದ.
ಮೊದಲ ಸಾಲು, ಎರಡು,
ಆಮೇಲೆ, ನಟ್ಟು ಬಿಗಿಯುವಷ್ಟು ನಿಧಾನಕ್ಕೆ, ಮೂರು.

ಏರುವುದೂ ಇಲ್ಲ, ಇಳಿಯುವುದೂ ಇಲ್ಲ.
ಅಲ್ಲೇ ನಿಲ್ಲುತ್ತದೆ, ಒಂದೇ ಸ್ವರದ ಮೇಲೆ,
ಬಾಗಿಲಲ್ಲಿ ಯಾರನ್ನೋ ಕಾಯುವ ಹಾಗೆ.

ಕೆಸರಿನಲ್ಲೇ ಕೂತೆ. "ಇನ್ನೊಮ್ಮೆ" ಎಂದೆ.
ಅವನ ಕಿವಿ ಕೆಂಪಾಯಿತು. "ಏನನ್ನು?" ಎಂದ.
ತಾನು ಗುನುಗುತ್ತಿದ್ದುದೇ ಅವನಿಗೆ ಗೊತ್ತಿರಲಿಲ್ಲ.
ಕೇಳಿದರೆ ಬಾರದು. ಪಾನಾ ಹಿಡಿದರೆ ಬಂತು.
ಹಾಗಾಗಿ ಆ ಮಧ್ಯಾಹ್ನ ಕೆಡದ ಮೂರು ಕೊಳಾಯಿಗಳನ್ನು
ಬಿಚ್ಚಿ, ಮತ್ತೆ ಜೋಡಿಸಿದೆವು.

"ಜನವರಿಯಲ್ಲಿ ಊಟದ ಮನೆಯ ಸೂರಿನಿಂದ ಹಿಮ ಎಳೆಯುವಾಗ
ಇದೇ ಬರುತ್ತೆ," ಎಂದ, ತಪ್ಪೊಪ್ಪಿಕೊಳ್ಳುವವನಂತೆ.
"ನಿಮ್ಮದು ಅಂತ ಗೊತ್ತು. ಆದರೆ ಆಗ ಇಲ್ಲಿ ಯಾರೂ ಇರಲ್ಲ."

ಈಗ ಮಕ್ಕಳು ಹಾಗೇ ಹಾಡುತ್ತಾರೆ, ಕೊಂಚ ನಿಧಾನ.
ಪಿಂಚುಕ್ ಹೀಗೆ ಕಟ್ಟಿದ್ದನೋ, ಹಿಮ ಹೀಗೆ ತಿದ್ದಿತೋ,
ಟಕ್ಸನ್ನಿನಿಂದಂತೂ ಆಕ್ಷೇಪಣೆ ಬಂದಿದೆ.
ಶುಕ್ರವಾರ ಮೂರನೆಯ ಸಾಲಿನ ಮೇಲೆ ಇನ್ನೂರು ಗಂಟಲು ನಿಂತಾಗ
ಅಡುಗೆಮನೆಯಾಚೆ ಅವನ ಟ್ರಕ್ಕಿನ ಎಂಜಿನು ಆರುತ್ತದೆ.
ಬಾಗಿಲು ತೆರೆದ ಸದ್ದಿಲ್ಲ.
ನಾಲ್ಕನೆಯದಕ್ಕೆ ನಾನು ಕೈ ಎತ್ತುವುದು ತುಸು ತಡ.